ಮಾಲ್ಟ್ ಗಿರಣಿಗೆ ಮೋಟಾರ್: ಬೀಸೋದಲ್ಲ, ಒಡೆಯೋದು

ಪ್ರಶ್ನೆ: ನಾವಿರೋದು ಅಮೆರಿಕದ ಮಿನ್ನಿಯಾಪೊಲಿಸ್ ಹತ್ತಿರ. ಎರಡು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡುತ್ತಿದ್ದೇನೆ, ಒಂದು ಸಲಕ್ಕೆ 5 ಗ್ಯಾಲನ್. ಇಷ್ಟು ದಿನ ಅಂಗಡಿಯವರೇ ಒಡೆದುಕೊಡುತ್ತಿದ್ದ ಬಾರ್ಲಿ ಮಾಲ್ಟ್ ತರುತ್ತಿದ್ದೆ. ಈಗ ಎರಡು ರೋಲರ್ ಇರುವ ಕೈಗಿರಣಿ ಕೊಂಡಿದ್ದೇನೆ. ಕೈಯಲ್ಲಿ ತಿರುಗಿಸಿದರೆ ರಟ್ಟೆ ನೋವು, ಡ್ರಿಲ್ ಸಿಕ್ಕಿಸಿದರೆ ಸುಟ್ಟ ವಾಸನೆ. ನೆಲಮಾಳಿಗೆಯಲ್ಲಿ, ಮನೆ ಬೆಚ್ಚಗಿಡುವ ಹಳೆಯ ಫರ್ನೇಸಿನಿಂದ ಬಿಚ್ಚಿಟ್ಟ ಒಂದು ಬ್ಲೋವರ್ (ಗಾಳಿ ಊದುವ ಫ್ಯಾನ್) ಮೋಟಾರ್ ಇದೆ. 1/3 ಎಚ್‌ಪಿ, 1725 ಆರ್‌ಪಿಎಂ, 115 ವೋಲ್ಟ್ ಅಂತ ಬರೆದಿದೆ. ಇದನ್ನು ಗಿರಣಿಗೆ ಹಾಕಬಹುದೇ? ಮನೆಯವಳು ಮಾತ್ರ, "ಊರಿಂದ ಮನೆ ಬಳಕೆಯ ಹಿಟ್ಟಿನ ಗಿರಣಿ ತರಿಸೋಣ, ರಾಗಿಗೂ ಆಗುತ್ತೆ, ನಿಮ್ಮ ಬಾರ್ಲಿಗೂ ಆಗುತ್ತೆ" ಅನ್ನುತ್ತಾಳೆ. ಯಾವುದು ಸರಿ?

ಉತ್ತರ: ನಿಮ್ಮ ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಹಿಟ್ಟಿನ ಗಿರಣಿ ರಾಗಿಗೆ ತರಿಸಿ, ಖುಷಿಯಾಗಿ ಮುದ್ದೆ ಮಾಡಿ. ಬಾರ್ಲಿಯನ್ನು ಮಾತ್ರ ಅದರ ಹತ್ತಿರ ಬಿಡಬೇಡಿ. ಮಿಕ್ಸಿಯಂತೂ ಬೇಡವೇ ಬೇಡ.

ಊರಿನ ಗಿರಣಿ ನೆನಪಿದೆಯಲ್ಲ? ಎರಡು ಕಲ್ಲು. ಒಂದು ನಿಂತಿರುತ್ತದೆ, ಒಂದು ತಿರುಗುತ್ತದೆ. ನಡುವೆ ಸಿಕ್ಕ ಕಾಳು ಉಜ್ಜಿ ಉಜ್ಜಿ ಪುಡಿಯಾಗಿ, ಬಿಸಿ ಬಿಸಿ ಹಿಟ್ಟಾಗಿ ಡಬ್ಬಕ್ಕೆ ಬೀಳುತ್ತದೆ. ರೊಟ್ಟಿಗೆ ಅದೇ ಬೇಕು. ಬಿಯರಿಗೆ ಬೇಕಾಗಿರೋದು ಇದರ ಉಲ್ಟಾ. ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನಮ್ಮ ಮೊಳಕೆ ರಾಗಿಯ ದೊಡ್ಡಣ್ಣ ಅಂತಿಟ್ಟುಕೊಳ್ಳಿ. ಆದರೆ ಬಾರ್ಲಿಗೆ ಮೈಗಂಟಿದ ಹೊಟ್ಟು ಇರುತ್ತದೆ. ಒಳಗಿನ ಹಿಟ್ಟಿನ ಭಾಗ ನುಚ್ಚಾಗಬೇಕು, 65ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಅದರ ಪಿಷ್ಟ ಸಕ್ಕರೆಯಾಗಿ ಕರಗಬೇಕು. ಹೊಟ್ಟು ಮಾತ್ರ ಆದಷ್ಟೂ ಇಡಿಯಾಗಿ ಉಳಿಯಬೇಕು. ಯಾಕೆಂದರೆ ಆಮೇಲೆ ಆ ಸಿಹಿನೀರನ್ನು ಬಸಿಯುವಾಗ ಸೋಸುವ ಜರಡಿ ಅದೇ ಹೊಟ್ಟು. ಅದು ಪುಡಿಯಾದರೆ ಪಾತ್ರೆಯ ತಳದಲ್ಲಿ ಅಂಬಲಿ ಕಟ್ಟಿಕೊಂಡು ಒಂದು ತೊಟ್ಟೂ ಇಳಿಯುವುದಿಲ್ಲ. ಜೊತೆಗೆ ಹೊಟ್ಟಿನ ಒಗರೂ ಬಿಯರಿಗೆ ಸೇರಬಹುದು.

ಹಾಗಾಗಿ ನಿಮಗೆ ಬೇಕಾಗಿರೋದು ಗಿರಣಿಯಲ್ಲ, ಕಬ್ಬಿನ ಹಾಲಿನ ಯಂತ್ರ. ರಸ್ತೆ ಬದಿಯಲ್ಲಿ ಗೆಜ್ಜೆ ಕಟ್ಟಿಕೊಂಡು ನಿಧಾನವಾಗಿ ತಿರುಗುತ್ತಿರುತ್ತದಲ್ಲ, ಅದು. ಎರಡು ಉರುಳೆ, ನಡುವೆ ಸಣ್ಣ ಸಂದು. ಉಜ್ಜೋದಿಲ್ಲ, ಹಿಂಡುತ್ತದೆ. ನೀವು ಕೊಂಡಿರುವ ಎರಡು ರೋಲರಿನ ಗಿರಣಿ ಮಾಡೋದೂ ಅಷ್ಟೇ. ಈ ಚಿತ್ರ ತಲೆಯಲ್ಲಿಟ್ಟುಕೊಳ್ಳಿ. ಮೋಟಾರ್ ಯಾವುದು, ಪುಲ್ಲಿ ಎಷ್ಟು ದೊಡ್ಡದು, ಸಂದು ಎಷ್ಟು ಅನ್ನುವ ಪ್ರಶ್ನೆಗಳೆಲ್ಲ ಇದರಿಂದಲೇ ಬಿಡಿಸಿಕೊಳ್ಳುತ್ತವೆ.

ಈಗ ನಿಮ್ಮ ಡ್ರಿಲ್ ಯಾಕೆ ಸುಟ್ಟ ವಾಸನೆ ಬಂತು ನೋಡೋಣ. ಡ್ರಿಲ್ಲಿನ ಒಳಗೆ ತಂಪು ಮಾಡುವ ಫ್ಯಾನ್ ಇರುತ್ತದೆ. ಅದು ಮೋಟಾರಿನ ದಂಡದ (ಶಾಫ್ಟಿನ) ಮೇಲೇ ಕೂತಿರುತ್ತದೆ. ನೀವು ಟ್ರಿಗರ್ ಅರ್ಧ ಒತ್ತಿ ನಿಧಾನವಾಗಿ ತಿರುಗಿಸಿದಾಗ ಫ್ಯಾನೂ ನಿಧಾನ, ಆದರೆ ಭಾರ ಮಾತ್ರ ಪೂರ್ತಿ. ಗಾಳಿ ಇಲ್ಲದೆ ಸುರುಳಿ ಕಾಯುತ್ತದೆ. ಹಾಗಂತ ಜೋರಾಗಿ ತಿರುಗಿಸಿದರೆ ಕಾಳು ಸಿಡಿದು ಹೊಟ್ಟು ಚೂರಾಗುತ್ತದೆ. ಕಮ್ಮಿ ವೇಗಕ್ಕೇ ಗೇರ್ ಮಾಡಿದ ದೊಡ್ಡ ಅರ್ಧ ಇಂಚಿನ ಡ್ರಿಲ್ ಆದರೆ ನಡೆಯುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಮಾಡುತ್ತಾರೆ. ಆದರೆ ನಿಮ್ಮ ಹತ್ತಿರ ಮೋಟಾರ್ ಸುಮ್ನೆ ಬಿದ್ದಿದೆ, ಅಲ್ವಾ?

ಆ ಮೋಟಾರ್ ಆಗುತ್ತದೆ. ಆದರೆ ಮೊದಲು ಅದನ್ನು ಸರಿಯಾಗಿ ನೋಡಿ. ಫರ್ನೇಸ್ ಬ್ಲೋವರ್ ಮೋಟಾರುಗಳಲ್ಲಿ ಎರಡು ಜಾತಿ. ಹಳೆಯವು ಬೆಲ್ಟಿನಿಂದ ಫ್ಯಾನ್ ತಿರುಗಿಸುತ್ತಿದ್ದವು. 1725 ಆರ್‌ಪಿಎಂ, ಒಂದೇ ವೇಗ, ದಂಡದ ಮೇಲೆ ಪುಲ್ಲಿ. ನಿಮ್ಮದು ಆ ಜಾತಿಯದು ಅಂತ ಫಲಕವೇ ಹೇಳುತ್ತಿದೆ. ಆಮೇಲೆ ಬಂದವು ಫ್ಯಾನಿನ ಹೊಟ್ಟೆಯೊಳಗೇ ಕೂರುವಂಥವು. 1075 ಆರ್‌ಪಿಎಂ, ನಾಲ್ಕೈದು ಬಣ್ಣದ ವೈರು, ಮೂರು ನಾಲ್ಕು ವೇಗ. ಈ ಎರಡನೇ ಜಾತಿ ನಮಗೆ ಉಪಯೋಗವಿಲ್ಲ. ನಿಂತಲ್ಲಿಂದ ಎಳೆಯುವ ಶಕ್ತಿ ಅವಕ್ಕೆ ಕಮ್ಮಿ, ಮೇಲಾಗಿ ಫ್ಯಾನಿನ ಗಾಳಿಯಿಂದಲೇ ತಂಪಾಗುವಂತೆ ಮಾಡಿದವು. ಇದನ್ನು ಓದುವ ಬೇರೆಯವರಿಗಾಗಿ ಹೇಳಿದೆ. 1075 ಅಂತ ಕಂಡರೆ ಬಿಟ್ಟುಬಿಡಿ.

ನಿಮ್ಮ ಮೋಟಾರಿನ ಎರಡು ತುದಿಯಲ್ಲಿ ಸಣ್ಣ ಎಣ್ಣೆ ತೂತು ಇರಬಹುದು, ಮುಚ್ಚಳ ಹಾಕಿರುತ್ತಾರೆ. ಇದ್ದರೆ ಅದು ಬಾಲ್ ಬೇರಿಂಗ್ ಅಲ್ಲ, ಬುಷ್ ಬೇರಿಂಗ್. ಅಂಥದ್ದನ್ನು ಅಡ್ಡವಾಗಿಯೇ ಕೂರಿಸಬೇಕು, ಎಣ್ಣೆ ತೂತು ಮೇಲಕ್ಕೆ ಬರಬೇಕು. ಎಲೆಕ್ಟ್ರಿಕ್ ಮೋಟಾರ್ ಎಣ್ಣೆ ಅಂತಲೇ ಸಿಗುವ 20 ನಂಬರಿನದು ಕೆಲವು ಹನಿ ಬಿಡಿ. ಅಡುಗೆ ಎಣ್ಣೆ ಬಿಡಬೇಡಿ, ಅದು ಅಂಟಾಗಿ ಹಿಡಿದುಕೊಳ್ಳುತ್ತದೆ. ಕೈಯಲ್ಲಿ ದಂಡ ತಿರುಗಿಸಿ ನೋಡಿ, ಸರಾಗವಾಗಿ ತಿರುಗಬೇಕು. ಮೇಲೆ ಕೆಳಗೆ ಅಲ್ಲಾಡಿಸಿದರೆ ಕಟಕಟ ಅನ್ನಬಾರದು.

ಆಮೇಲೆ ಫಲಕದಲ್ಲಿ ಇನ್ನೊಂದು ಸಾಲು ಹುಡುಕಿ: ಥರ್ಮಲ್ ಪ್ರೊಟೆಕ್ಷನ್, ಆಟೋಮ್ಯಾಟಿಕ್. ಹೀಗಿದ್ದರೆ ಮೋಟಾರ್ ಕಾದಾಗ ತಾನೇ ನಿಲ್ಲುತ್ತದೆ, ಆರಿದ ಮೇಲೆ ತಾನೇ ಶುರುವಾಗುತ್ತದೆ. ಇದು ಫರ್ನೇಸಿಗೆ ಒಳ್ಳೆಯದು, ಗಿರಣಿಗೆ ಅಪಾಯ. ಕಾಳು ಸಿಕ್ಕಿಕೊಂಡು ಮೋಟಾರ್ ನಿಂತಿದೆ, ನೀವು ಬೆರಳು ಹಾಕಿ ಬಿಡಿಸುತ್ತಿದ್ದೀರಿ, ಅಷ್ಟರಲ್ಲಿ ಅದು ಆರಿ ತಿರುಗಲು ಶುರುವಾದರೆ? ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವ ನಂಬಿಕೆ ಸಾಲದು. ಪ್ಲಗ್ಗನ್ನೇ ಕಿತ್ತು, ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಇಟ್ಟುಕೊಂಡು ಆಮೇಲೆ ಕೈ ಹಾಕಿ.

ಇನ್ನು ವೇಗ. ಈ ಅಳತೆಯ ಗಿರಣಿಗೆ ನಿಮಿಷಕ್ಕೆ 150ರಿಂದ 250 ಸುತ್ತು ಸಾಕು. ನಿಮ್ಮ ಮೋಟಾರ್ 1725. ಎಂಟು ಪಟ್ಟು ಇಳಿಸಬೇಕು. ಮೋಟಾರಿಗೆ 1.5 ಇಂಚಿನ ಪುಲ್ಲಿ, ಗಿರಣಿಗೆ 12 ಇಂಚಿನದು ಹಾಕಿದರೆ ಲೆಕ್ಕಕ್ಕೆ 216 ಸುತ್ತು ಬರುತ್ತದೆ. ನಿಜವಾಗಿ ಅದಕ್ಕಿಂತ ಕಮ್ಮಿಯೇ ಬರುತ್ತದೆ. ಪುಲ್ಲಿಯ ಹೊರಗಿನ ಅಳತೆ 1.5 ಇಂಚಾದರೂ ಬೆಲ್ಟ್ ಕೂರುವುದು ಅದರ ತೋಡಿನ ಒಳಗೆ, ಸಣ್ಣ ಪುಲ್ಲಿಯಲ್ಲಿ ಆ ವ್ಯತ್ಯಾಸ ಜಾಸ್ತಿ. ನಮಗೆ ಅದರಿಂದ ಒಳ್ಳೆಯದೇ. 1.5 ಇಂಚು ಬೆಲ್ಟಿಗೆ ಸ್ವಲ್ಪ ಇಕ್ಕಟ್ಟು. ದಿನವಿಡೀ ಓಡುವ ಯಂತ್ರವಾದರೆ ಬೇಡ ಅನ್ನುತ್ತಿದ್ದೆ. ತಿಂಗಳಿಗೆ ಐದು ನಿಮಿಷ ಓಡುವುದಕ್ಕೆ ತೊಂದರೆಯಿಲ್ಲ. 2 ಇಂಚಿನದೇ ಸಿಕ್ಕಿದರೆ ಅದನ್ನೇ ಹಾಕಿ, 250ರ ಆಸುಪಾಸು ಬರುತ್ತದೆ.

ಎಂಟು ಪಟ್ಟು ಇಳಿಸಿದರೆ ವೇಗ ಕಮ್ಮಿಯಾಗುತ್ತದೆ, ತಿರುಚುವ ಬಲ ಎಂಟು ಪಟ್ಟು ಏರುತ್ತದೆ. 1/3 ಎಚ್‌ಪಿ ಅಂದರೆ ಸುಮಾರು 250 ವ್ಯಾಟ್. 1725ರಲ್ಲಿ ಅದರ ಬಲ ಬರೀ 1.4 ನ್ಯೂಟನ್ ಮೀಟರ್, ಕೈಯಲ್ಲಿ ಹಿಡಿದು ನಿಲ್ಲಿಸಬಹುದು ಅನ್ನುವಷ್ಟು (ದಯವಿಟ್ಟು ಪ್ರಯತ್ನಿಸಬೇಡಿ). ಪುಲ್ಲಿ ದಾಟಿ ಗಿರಣಿಗೆ ಬರುವಷ್ಟರಲ್ಲಿ 11 ನ್ಯೂಟನ್ ಮೀಟರ್. ಎರಡು ರೋಲರಿನ ಸಣ್ಣ ಗಿರಣಿಗೆ ಇದು ಸಾಕು, ಆದರೆ ಧಾರಾಳ ಅಲ್ಲ. ಹೊಸದಾಗಿ ಕೊಳ್ಳುವವರಿಗೆ ನಾನು 1/2 ಎಚ್‌ಪಿಯನ್ನೇ ಹೇಳುತ್ತೇನೆ. ನಿಮ್ಮದರಲ್ಲಿ ಒಂದು ಶಿಸ್ತು ಬೇಕು: ಖಾಲಿ ಗಿರಣಿ ಶುರು ಮಾಡಿ, ವೇಗ ಹಿಡಿದ ಮೇಲೆ ಕಾಳು ಬಿಡಬೇಕು. ನಾನು ಮೊದಲ ಸಲ ಗಡಿಬಿಡಿಯಲ್ಲಿ ಮೇಲಿನ ಪೆಟ್ಟಿಗೆ ತುಂಬಿಸಿ ಸ್ವಿಚ್ ಹಾಕಿದ್ದೆ. ಮೋಟಾರ್ ಗುಂಯ್ ಅಂದಿತು, ರೋಲರ್ ಅಲ್ಲಾಡಲಿಲ್ಲ, ಬೆಲ್ಟ್ ಜಾರಿ ಹೊಗೆ ಎದ್ದಿತು, ಹೊಗೆಗಂಟೆ ಕೂಗಿಕೊಂಡಿತು, ಮನೆಯವರೆಲ್ಲ ಮೆಟ್ಟಿಲ ಮೇಲೆ ನಿಂತು ನೋಡಿದರು. ಅವತ್ತಿಂದ ಪೆಟ್ಟಿಗೆಯ ತಳಕ್ಕೆ ಎಳೆಯುವ ತಗಡಿನ ಬಾಗಿಲು ಮಾಡಿಸಿದೆ.

ಬೆಲ್ಟಿನ ಬದಲು ಗೇರ್ ಮೋಟಾರನ್ನು ನೇರ ಜೋಡಿಸಿದರೆ ಚೆಂದ ಅಲ್ವಾ ಅಂತ ಕೇಳಬಹುದು. ಚೆಂದವೇ. ಜಾಗ ಕಮ್ಮಿ, ಸದ್ದು ಕಮ್ಮಿ. ಆದರೆ ಮಾಲ್ಟ್ ಜೊತೆ ಒಂದು ಕಲ್ಲು ಬಂದರೆ ಬೆಲ್ಟ್ ಜಾರುತ್ತದೆ, ಗೇರ್ ಜಾರುವುದಿಲ್ಲ. ಏನೋ ಒಂದು ಮುರಿಯುತ್ತದೆ. ನನ್ನ ಓಟು ಬೆಲ್ಟಿಗೇ.

ಕೊಳ್ಳುವಾಗ ಎಲ್ಲರೂ ಎಡವುವ ಜಾಗ ಪುಲ್ಲಿಯ ನಡುವಿನ ತೂತು. ಬ್ಲೋವರ್ ಮೋಟಾರಿನ ದಂಡ ಸಾಮಾನ್ಯವಾಗಿ ಅರ್ಧ ಇಂಚು. ಗಿರಣಿಯ ದಂಡ ಕೆಲವದರಲ್ಲಿ 3/8 ಇಂಚು, ಕೆಲವದರಲ್ಲಿ ಅರ್ಧ ಇಂಚು. 12 ಇಂಚಿನ ಪುಲ್ಲಿ 3/8 ತೂತಿನದು ಹುಡುಕಿದರೆ ಸಿಗೋದು ಕಷ್ಟ. ದೊಡ್ಡ ತೂತಿನದು ಕೊಂಡು ಒಳಗೆ ಬುಷ್ ಹಾಕಬೇಕು. ಪುಲ್ಲಿಯನ್ನು ಬಿಗಿಯುವ ತಿರುಪು ಉರುಟು ದಂಡದ ಮೇಲೆ ಕೂತರೆ ಒಂದೆರಡು ಸಲಕ್ಕೇ ಜಾರುತ್ತದೆ, ದಂಡದ ಮೇಲೆ ಗೀರು ಬೀಳುತ್ತದೆ, ಆಮೇಲೆ ಪುಲ್ಲಿ ಬಿಚ್ಚಲೂ ಬರುವುದಿಲ್ಲ. ನಾನು ಸುತ್ತಿಗೆ ಹಿಡಿದು ಒಂದು ಭಾನುವಾರ ಕಳೆದಿದ್ದೇನೆ. ತಿರುಪು ಕೂರುವ ಜಾಗದಲ್ಲಿ ಅರದಿಂದ ಉಜ್ಜಿ ದಂಡವನ್ನು ಚಪ್ಪಟೆ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ. ಅರ ಹಾಕುವಾಗ ರೋಲರಿಗೂ ಬೇರಿಂಗಿಗೂ ಬಟ್ಟೆ ಸುತ್ತಿ, ಕಬ್ಬಿಣದ ಪುಡಿ ಅಲ್ಲಿಗೆ ಹೋಗಬಾರದು.

ಚೌಕಟ್ಟಿಗೆ ಮುಕ್ಕಾಲು ಇಂಚಿನ ಪ್ಲೈವುಡ್, ಎರಡಕ್ಕೆ ನಾಲ್ಕರ ಮರದ ಕಾಲು ಸಾಕು. ಎತ್ತರ ಎಷ್ಟು ಅಂದರೆ, ನುಚ್ಚು ಬೀಳುವ ಬಕೆಟ್ ಗಿರಣಿಯ ಕೆಳಗೆ ಸಲೀಸಾಗಿ ಹೋಗಬೇಕು. ಇದನ್ನು ಅಳೆಯದೆ ಮಾಡಿ ಆಮೇಲೆ ಕಾಲಿಗೆ ಇಟ್ಟಿಗೆ ಕೊಟ್ಟವರನ್ನು ನೋಡಿದ್ದೇನೆ. ಮೋಟಾರನ್ನು ಕೆಳಗಿನ ಹಲಗೆಗೆ ಗಟ್ಟಿಯಾಗಿ ಬೋಲ್ಟ್ ಮಾಡುವ ಬದಲು, ಒಂದು ಪ್ರತ್ಯೇಕ ಹಲಗೆಗೆ ಕೂರಿಸಿ, ಆ ಹಲಗೆಯನ್ನು ಬಾಗಿಲಿನ ಕೀಲಿನಿಂದ ಚೌಕಟ್ಟಿಗೆ ಜೋಡಿಸಿ. ಮೋಟಾರಿನ ಭಾರಕ್ಕೇ ಬೆಲ್ಟ್ ತಾನಾಗಿ ಬಿಗಿಯಾಗುತ್ತದೆ. ಬೆಲ್ಟ್ ಉದ್ದ ಒಂದರ್ಧ ಇಂಚು ಹೆಚ್ಚುಕಮ್ಮಿ ಆದರೂ ಕೀಲು ಹೊಂದಿಸಿಕೊಳ್ಳುತ್ತದೆ. ಎರಡು ದಂಡಗಳ ನಡುವೆ 16 ಇಂಚು ಇಟ್ಟರೆ 55 ಇಂಚಿನ ಬೆಲ್ಟ್ ಸರಿಹೋಗುತ್ತದೆ. ಎರಡು ಪುಲ್ಲಿಯೂ ಒಂದೇ ಗೆರೆಯಲ್ಲಿರಲಿ, ಉದ್ದನೆಯ ಸ್ಕೇಲ್ ಒತ್ತಿ ನೋಡಿ. ಓರೆಯಾದರೆ ಬೆಲ್ಟ್ ಕಿರುಚುತ್ತದೆ.

ತಿರುಗುವ ದಿಕ್ಕು ಸರಿಯಿದೆಯೇ ಅಂತ ಬೆಲ್ಟ್ ಹಾಕುವ ಮೊದಲೇ ನೋಡಿಕೊಳ್ಳಿ. ಎರಡು ರೋಲರೂ ಮೇಲಿನಿಂದ ಒಳಕ್ಕೆ ಎಳೆಯುವಂತಿರಬೇಕು. ಉಲ್ಟಾ ತಿರುಗುತ್ತಿದ್ದರೆ ಮೋಟಾರಿನ ವೈರು ಬದಲಿಸುವ ಗೋಜಿಗೆ ಹೋಗಬೇಡಿ. ಗಿರಣಿಯನ್ನೇ ಹಿಂದುಮುಂದು ಮಾಡಿ ಕೂರಿಸಿ, ಮುಗಿಯಿತು.

ವಿದ್ಯುತ್ತಿನ ವಿಷಯ. 14 ಗೇಜಿನ ಮೂರು ಎಳೆಯ ಕೇಬಲ್, ಮೂರು ಕಾಲಿನ ಪ್ಲಗ್. ಹಸಿರು (ಅರ್ಥಿಂಗ್) ವೈರು ಮೋಟಾರಿನ ಮೈಗೆ ತಿರುಪಿನಿಂದ ಬಿಗಿಯಾಗಬೇಕು. ಹಳೆ ಮೋಟಾರಿನಲ್ಲಿ ಅಲ್ಲಿ ಬಣ್ಣ ಇರುತ್ತದೆ, ಕೆರೆದು ಲೋಹ ಕಾಣಿಸಿ. ಸ್ವಿಚ್ ಬರಬೇಕಾದ್ದು ಕಪ್ಪು ವೈರಿನಲ್ಲಿ, ಅಮೆರಿಕದಲ್ಲಿ ಕರೆಂಟ್ ಬರುವ ವೈರು ಅದೇ. ನೆಲಮಾಳಿಗೆ, ಕೈಗೆ ನೀರು, ಕೆಳಗೆ ಸಿಮೆಂಟ್ ನೆಲ. ಹಾಗಾಗಿ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ರಕ್ಷಣೆ) ಇರುವ ಸಾಕೆಟ್ಟಿಗೇ ಚುಚ್ಚಿ. ಮರಗೆಲಸದ ಯಂತ್ರಗಳಿಗೆ ಹಾಕುವ ದೊಡ್ಡ ಕೆಂಪು ಬಟನ್ನಿನ ಮ್ಯಾಗ್ನೆಟಿಕ್ ಸ್ವಿಚ್ ಹಾಕಿಸಿದರೆ ಇನ್ನೂ ಒಳ್ಳೆಯದು. ಕರೆಂಟ್ ಹೋಗಿ ಬಂದರೆ ಅದು ತಾನಾಗಿ ಶುರುವಾಗುವುದಿಲ್ಲ. ವೈರಿಂಗ್ ರೂಢಿ ಇಲ್ಲದಿದ್ದರೆ ಈ ಒಂದು ಭಾಗಕ್ಕೆ ಗೊತ್ತಿದ್ದವರನ್ನು ಕರೆಯಿರಿ.

ಬೆಲ್ಟಿಗೆ ಮುಚ್ಚಳ ಬೇಕೇ ಬೇಕು. ಪ್ಲೈವುಡ್ಡಿನ ಪೆಟ್ಟಿಗೆ ಸಾಕು. ದುಪಟ್ಟಾ, ಸೆರಗು, ಜಡೆ, ಮಕ್ಕಳ ಕೈ ಯಾವುದೂ ಆ ಸಣ್ಣ ಪುಲ್ಲಿಯ ಹತ್ತಿರ ಹೋಗಬಾರದು. ಊರಲ್ಲಿ ಗಿರಣಿಯ ಬೆಲ್ಟ್ ತೆರೆದೇ ಇರುತ್ತಿತ್ತು, ನಾವೆಲ್ಲ ಪಕ್ಕದಲ್ಲೇ ಆಡುತ್ತಿದ್ದೆವು ಅನ್ನಬೇಡಿ. ಇಲ್ಲಿ ಅದು ನಿಮ್ಮದೇ ಮನೆಯ ಮಕ್ಕಳು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ: ಸಂದು. ಮೋಟಾರಿಗೆ ಎಷ್ಟೇ ತಲೆ ಕೆಡಿಸಿಕೊಂಡರೂ ಬಿಯರ್ ಒಳ್ಳೆಯದಾಗುವುದು ಇಲ್ಲಿ. ಕಾರ್ಖಾನೆಯಿಂದ ಬರುವ ಗಿರಣಿಗಳಲ್ಲಿ ಇದು ಒಂದು ಮಿಲಿಮೀಟರ್ ಹತ್ತಿರ ಇರುತ್ತದೆ, ಇಂಚಿನಲ್ಲಿ 0.039. ಕ್ರೆಡಿಟ್ ಕಾರ್ಡ್ ತೂರಿಸಿ ಹೊಂದಿಸಿ ಅಂತ ಕೆಲವರು ಹೇಳುತ್ತಾರೆ. ಕಾರ್ಡಿನ ದಪ್ಪ 0.76 ಮಿಲಿಮೀಟರ್, ಅದು ಬಿಗಿಯಾಗಿ ಕೂರುವಷ್ಟು ಇಟ್ಟರೆ ಬಾರ್ಲಿಗೆ ತೀರಾ ನುಣ್ಣಗಾಯಿತು. ಮೆಕ್ಯಾನಿಕ್ ಅಂಗಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಕಟ್ಟು) ಸಿಗುತ್ತದೆ, ಅದನ್ನು ಕೊಳ್ಳಿ. ರೋಲರಿನ ಎರಡು ತುದಿಯಲ್ಲೂ ಅಳೆಯಿರಿ. ಒಂದು ತುದಿ 1, ಇನ್ನೊಂದು ತುದಿ 1.3 ಇದ್ದರೆ ಅರ್ಧ ಕಾಳು ಇಡಿಯಾಗಿಯೇ ಬೀಳುತ್ತದೆ, ನೀವು ಮೋಟಾರನ್ನು ಬೈಯುತ್ತೀರಿ.

ಸಂದು ಸಣ್ಣ ಮಾಡುತ್ತಾ ಹೋದರೆ ಏನಾಗುತ್ತದೆ? ದಪ್ಪ ಬಾರ್ಲಿ ಕಾಳು ಸುಮಾರು 2.8 ಮಿಲಿಮೀಟರ್. ನಿಮ್ಮ ರೋಲರ್ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್ ಅಂತಿಟ್ಟುಕೊಳ್ಳೋಣ. ಕಾಳು ಎರಡು ರೋಲರಿನ ನಡುವಿನ ಕಣಿವೆಯಲ್ಲಿ ಕೂರುತ್ತದೆ. ರೋಲರ್ ಅದನ್ನು ಕೆಳಕ್ಕೂ ಎಳೆಯುತ್ತದೆ, ಮೇಲಕ್ಕೂ ತಳ್ಳುತ್ತದೆ. ಸಂದು 1 ಮಿಲಿಮೀಟರ್ ಇದ್ದಾಗ ಲೆಕ್ಕ ಹಾಕಿದರೆ, ಕಾಳು ಜಾರದೆ ಒಳಹೋಗಲು 0.31ರಷ್ಟು ಘರ್ಷಣಾ ಗುಣಾಂಕ (ಹಿಡಿತದ ಅಳತೆ) ಬೇಕು. ರೋಲರ್ 32 ಮಿಲಿಮೀಟರ್ ಆದರೆ 0.33, 50 ಆದರೆ 0.27 ಸಾಕು. ಸಂದು ಸಣ್ಣದಾದಷ್ಟೂ ಬೇಕಾದ ಘರ್ಷಣೆ ಏರುತ್ತದೆ. ಒಂದು ಹಂತದಲ್ಲಿ ರೋಲರ್ ತಿರುಗುತ್ತಲೇ ಇರುತ್ತದೆ, ಕಾಳು ಮೇಲೆ ಕುಣಿಯುತ್ತಿರುತ್ತದೆ, ಕೆಳಗೆ ಏನೂ ಬೀಳುವುದಿಲ್ಲ. ರೋಲರಿನ ಮೈಮೇಲೆ ವಜ್ರದಾಕಾರದ ಗೀರು ಹಾಕಿರುವುದು ಇದಕ್ಕೇ. ವರ್ಷಗಳಾದ ಮೇಲೆ ಗೀರು ಸವೆದರೆ ಅಥವಾ ಅದರಲ್ಲಿ ಹಿಟ್ಟು ತುಂಬಿಕೊಂಡರೆ ಗಿರಣಿ ಹಿಡಿತ ಕಳೆದುಕೊಳ್ಳುತ್ತದೆ. ದೊಡ್ಡ ರೋಲರಿನವರು ಸುಖವಾಗಿರುವುದೂ ಇದಕ್ಕೇ. ನಿಮಗೆ ತುಂಬಾ ನುಣುಪು ಬೇಕೆಂದರೆ ಒಂದೇ ಸಲಕ್ಕೆ ಸಂದು ಬಿಗಿಯಬೇಡಿ. ಮೊದಲು 1.4ರಲ್ಲಿ ಒಂದು ಸಲ, ಆಮೇಲೆ 0.9ರಲ್ಲಿ ಇನ್ನೊಂದು ಸಲ ಹಾಯಿಸಿ. ಮೋಟಾರ್ ಇದೆಯಲ್ಲ, ರಟ್ಟೆ ನೋಯುವುದಿಲ್ಲ.

ಸರಿಯಾಗಿ ಒಡೆದಿದೆಯೇ ಅಂತ ನೋಡಲು ಒಂದು ಹಿಡಿ ತೆಗೆದು ಸ್ಟೀಲ್ ತಟ್ಟೆಯಲ್ಲಿ ಹರವಿ. ಇಡೀ ಕಾಳು ಒಂದೂ ಇರಬಾರದು. ಹೊಟ್ಟು ದೋಣಿಯಂತೆ ಇಡಿಯಾಗಿ, ಒಳಗೆ ಖಾಲಿಯಾಗಿ ಕಾಣಬೇಕು. ಒಳಗಿನ ಭಾಗ ಹೆಚ್ಚಿನದು ಅಕ್ಕಿ ನುಚ್ಚಿನಂತೆ, ಇಡ್ಲಿ ರವೆಯಂತೆ ಇರಬೇಕು. ಚಿರೋಟಿ ರವೆಯಷ್ಟು ಸಣ್ಣದು ಕೊಂಚ ಇದ್ದರೆ ಸರಿ. ಬೆರಳಿಗೆ ಮೆತ್ತುವ ಹಿಟ್ಟು ತೀರಾ ಕಮ್ಮಿ ಇರಬೇಕು. ಬಟ್ಟೆ ಚೀಲದಲ್ಲಿ ಮಾಲ್ಟ್ ನೆನೆಸಿ ಚೀಲವನ್ನೇ ಎತ್ತುವ ವಿಧಾನ ನಿಮ್ಮದಾದರೆ ಇನ್ನೂ ನುಣ್ಣಗೆ ಹೋಗಬಹುದು, ಅಲ್ಲಿ ಸೋಸುವುದು ಬಟ್ಟೆ. ಗೋಧಿ ಮಾಲ್ಟಿಗೆ ಹೊಟ್ಟೇ ಇಲ್ಲ, ಕಾಳೂ ಸಣ್ಣ, ಗಟ್ಟಿ. ಅದನ್ನು ಬೇರೆಯಾಗಿ, ಸಂದು ಕಮ್ಮಿ ಮಾಡಿ ಒಡೆಯಿರಿ. ಜಾಸ್ತಿ ಗೋಧಿ ಹಾಕುವಾಗ ಸೋಸಲು ಒಂದೆರಡು ಹಿಡಿ ಭತ್ತದ ಹೊಟ್ಟು ಸೇರಿಸುತ್ತಾರೆ. ನಮ್ಮೂರಲ್ಲಿ ಇಟ್ಟಿಗೆ ಗೂಡಿಗೆ ಸುರಿಯುವ ಅದೇ ಹೊಟ್ಟು ಇಲ್ಲಿ ತೊಳೆದು, ಪ್ಯಾಕೆಟ್ ಮಾಡಿ ಮಾರುತ್ತಾರೆ.

ಒಂದು ಸಣ್ಣ ಉಪಾಯ ಹೇಳುತ್ತೇನೆ, ಇದು ನನಗೆ ಮೋಟಾರಿಗಿಂತ ಹೆಚ್ಚು ಪ್ರಯೋಜನ ಕೊಟ್ಟಿದೆ. ಒಡೆಯುವ ಹತ್ತು ನಿಮಿಷ ಮೊದಲು ಮಾಲ್ಟಿಗೆ ನೀರು ಚಿಮುಕಿಸಿ. ತೂಕದ ನೂರಕ್ಕೆ ಎರಡು ಪಾಲು, ಅಂದರೆ 5 ಕಿಲೋಗೆ 100 ಮಿಲಿಲೀಟರ್, ಅಷ್ಟೇ. ಇಸ್ತ್ರಿ ಬಟ್ಟೆಗೆ ನೀರು ಹೊಡೆಯುವ ಸ್ಪ್ರೇ ಡಬ್ಬಿಯಿಂದ ಹೊಡೆಯುತ್ತಾ ಕೈಯಾಡಿಸಿ. ಒಳಗಿನ ಕಾಳು ಗರಿಗರಿಯಾಗಿಯೇ ಇರುತ್ತದೆ, ಹೊಟ್ಟು ಮಾತ್ರ ಮೆತ್ತಗೆ, ತೊಗಲಿನಂತೆ ಆಗುತ್ತದೆ. ಅವಲಕ್ಕಿಗೆ ನೀರು ಚಿಮುಕಿಸಿದ ಹಾಗೆ. ಒಡೆದಾಗ ಹೊಟ್ಟು ಚೂರಾಗದೆ ಬಿಚ್ಚಿಕೊಳ್ಳುತ್ತದೆ, ಧೂಳೂ ಕಮ್ಮಿ. ಕೈಗೆ ಅಂಟಿದರೆ ನೀರು ಜಾಸ್ತಿಯಾಯಿತು ಅಂತ ಅರ್ಥ. ಸ್ವಲ್ಪ ಕಾದು ಒಡೆಯಿರಿ. ರೋಲರ್ ಮಾಮೂಲಿ ಉಕ್ಕಿನದಾದರೆ ಕೆಲಸ ಮುಗಿದ ಮೇಲೆ ಒಂದು ಹಿಡಿ ಒಣ ಮಾಲ್ಟ್ ಹಾಯಿಸಿ, ಇಲ್ಲದಿದ್ದರೆ ತುಕ್ಕು.

ಮೇಲಿನ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು? 5 ಗ್ಯಾಲನ್ ಬಿಯರಿಗೆ 10ರಿಂದ 12 ಪೌಂಡ್ ಮಾಲ್ಟ್, ಅಂದರೆ ಐದು ಕಿಲೋ ಆಸುಪಾಸು. ಮಾಲ್ಟ್ ಲೀಟರಿಗೆ ಅರ್ಧ ಕಿಲೋದಷ್ಟು ತೂಗುತ್ತದೆ. ಹಾಗಾಗಿ ಹತ್ತು ಹನ್ನೆರಡು ಲೀಟರಿನ ಪೆಟ್ಟಿಗೆ ಮಾಡಿದರೆ ಒಂದೇ ಸಲ ಸುರಿಯಬಹುದು. ಗೋಡೆಗಳು 45 ಡಿಗ್ರಿಗಿಂತ ಕಡಿದಾಗಿರಲಿ, ಇಲ್ಲದಿದ್ದರೆ ಕೊನೆಯ ಎರಡು ಹಿಡಿ ಅಲ್ಲೇ ಕೂತಿರುತ್ತದೆ. ಕಾಳು ಇಳಿಯುವ ದಾರಿಯಲ್ಲಿ ಒಂದು ಗಟ್ಟಿ ಅಯಸ್ಕಾಂತ ಅಂಟಿಸಿ. ಮೊಳೆ, ತಂತಿ ಚೂರು ಏನಾದರೂ ಬಂದರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಕಲ್ಲನ್ನು ಅದು ಹಿಡಿಯುವುದಿಲ್ಲ. ಅದಕ್ಕೆ ಅಕ್ಕಿ ಆರಿಸಿದ ಕಣ್ಣೇ ಬೇಕು. ವೇಗ, ರೋಲರಿನ ಉದ್ದ, ಸಂದು ಎಲ್ಲ ಲೆಕ್ಕ ಹಾಕಿದರೆ 5 ಇಂಚು ಉದ್ದದ ರೋಲರಿನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ ಮೂರೂವರೆ ಕಿಲೋ ಇಳಿಯಬಹುದು. ಅದರ ಮುಕ್ಕಾಲು ಸಿಕ್ಕರೂ ಐದು ಕಿಲೋ ಎರಡು ನಿಮಿಷದಲ್ಲಿ ಮುಗಿಯಿತು. ಇದಕ್ಕೆ ಇಷ್ಟೆಲ್ಲ ಮಾಡಿದೆನಾ ಅಂತ ಮೊದಲ ಸಲ ನಿಮಗೂ ಅನ್ನಿಸುತ್ತದೆ.

ಧೂಳಿನ ಬಗ್ಗೆ ನಿಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಮಿಸಿಸಿಪಿ ದಂಡೆಯ ಮಿಲ್ ಸಿಟಿ ಮ್ಯೂಸಿಯಂ ನೋಡಿರುತ್ತೀರಿ. ಅದಿರೋದು ವಾಶ್‌ಬರ್ನ್ 'ಎ' ಗಿರಣಿಯ ಪಾಳುಗೋಡೆಗಳ ಒಳಗೆ. ಅಲ್ಲಿದ್ದ ಮೊದಲ ಗಿರಣಿ 1878ರ ಮೇ 2ರ ಸಂಜೆ ಹಿಟ್ಟಿನ ಧೂಳಿಗೆ ಕಿಡಿ ತಗುಲಿ ಸ್ಫೋಟವಾಗಿ 18 ಜನ ಸತ್ತರು, ಪಕ್ಕದ ಗಿರಣಿಗಳೂ ಉರುಳಿದವು. ಐದು ಕಿಲೋ ಮಾಲ್ಟಿನಿಂದ ನಿಮ್ಮ ಮನೆ ಹಾರಿಹೋಗುವುದಿಲ್ಲ, ಹೆದರಬೇಡಿ. ಆದರೆ ನಿಮ್ಮ ಹಳೆ ಮೋಟಾರ್ ತೆರೆದ ಮೈಯದು. ಶುರುವಾಗುವಾಗ ಒಳಗಿನ ಸ್ವಿಚ್ ಕಿಡಿ ಹಾರಿಸುತ್ತದೆ, ಅದರ ಗಾಳಿಕಿಂಡಿಯೊಳಗೆ ಹಿಟ್ಟು ತುಂಬಿಕೊಂಡರೆ ಕಾಯುತ್ತದೆ. ಮೋಟಾರ್ ಮತ್ತು ಗಿರಣಿಯ ನಡುವೆ ಒಂದು ಹಲಗೆ ಅಡ್ಡ ನಿಲ್ಲಿಸಿ. ನೀರು ಕಾಯಿಸುವ ಗ್ಯಾಸ್ ಬಾಯ್ಲರಿನ ಪಕ್ಕದಲ್ಲಿ ಗಿರಣಿ ಇಡಬೇಡಿ. ಬಕೆಟ್ಟಿನ ಬಾಯಿಗೂ ಗಿರಣಿಗೂ ನಡುವೆ ಬಟ್ಟೆ ಕಟ್ಟಿ. ನೀವು ಮಾಸ್ಕ್ ಹಾಕಿಕೊಳ್ಳಿ. ಬೇಸಿಗೆಯಲ್ಲಾದರೆ ಗ್ಯಾರೇಜಿನ ಬಾಗಿಲು ತೆರೆದು ಅಲ್ಲೇ ಮಾಡಿ.

ಧೂಳಿಗೆ ಇನ್ನೊಂದು ಗುಣವೂ ಇದೆ, ಬಿಯರ್ ಮಾಡುವವರಿಗೆ ಇದೇ ಜಾಸ್ತಿ ನಷ್ಟ. ಮಾಲ್ಟಿನ ಹೊಟ್ಟಿನ ಮೇಲೆ ಮೊಸರು ಹುಳಿಯಾಗಿಸುವ ಜಾತಿಯ ಬ್ಯಾಕ್ಟೀರಿಯಾ ಧಾರಾಳವಾಗಿರುತ್ತದೆ. ದೋಸೆ ಹಿಟ್ಟು ಹುಳಿ ಬರಿಸುವ ಬಳಗವೇ. ಅವು ಧೂಳಿನ ಜೊತೆ ಹಾರಿ, ಪಕ್ಕದಲ್ಲಿ ತಣ್ಣಗಾಗುತ್ತಿರುವ ಅಥವಾ ಹುದುಗುತ್ತಿರುವ ಬಿಯರಿಗೆ ಬಿದ್ದರೆ ಅದು ಹುಳಿಯಾಗಬಹುದು. ಒಡೆಯುವ ಕೋಣೆ ಬೇರೆ, ಹುದುಗಿಸುವ ಕೋಣೆ ಬೇರೆ ಇರಲಿ.

ಭಾರತದಲ್ಲಿರುವ ಓದುಗರಿಗೆ ಎರಡು ಮಾತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆ ಬಿಯರಿಗೆ ಕೇಂದ್ರದ ಅಡ್ಡಿ ಹೋಯಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವಂತಿಲ್ಲ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಇದೇ ರೋಲರ್ ಗಿರಣಿಯನ್ನು ದನದ ಮೇವಿನ ಕಾಳು ಒಡೆಯಲು ಮಾಡಿಕೊಳ್ಳುವುದಾದರೆ ನೆನಪಿರಲಿ, ಅಲ್ಲಿ ಕರೆಂಟ್ 50 ಹರ್ಟ್ಸ್. ಇಂಥದ್ದೇ ಮೋಟಾರಿನ ಫಲಕದ ಮೇಲೆ 1725ರ ಬದಲು 1440ರ ಆಸುಪಾಸು ಇರುತ್ತದೆ. 12ರ ಬದಲು 10 ಇಂಚಿನ ಪುಲ್ಲಿ ಸಾಕು.

ಕೊನೆಗೆ, ನಾಲ್ಕೈದು ಸಲ ಓಡಿದ ಮೇಲೆ ಬರಬಹುದಾದ ಒಂದು ರೋಗ. ಮೋಟಾರ್ ತಿರುಗಿಸುವುದು ಒಂದೇ ರೋಲರನ್ನು. ಎರಡನೆಯದು ನಡುವೆ ಸಿಕ್ಕ ಕಾಳಿನ ತಳ್ಳಾಟಕ್ಕೆ ತಿರುಗುತ್ತದೆ. ಅದರ ತುದಿಯ ಸಂದಿಗೆ ಹೊಟ್ಟು ಸೇರಿಕೊಂಡರೆ ನಿಂತುಬಿಡುತ್ತದೆ. ಆಗ ಒಂದು ರೋಲರ್ ಸುಮ್ಮನೆ ಕಾಳಿನ ಕೆಳಗೆ ಉಜ್ಜುತ್ತಿರುತ್ತದೆ, ಮೋಟಾರಿನ ಸದ್ದು ಹಗುರಾಗುತ್ತದೆ, ಪೆಟ್ಟಿಗೆ ಖಾಲಿಯಾಗುವುದಿಲ್ಲ. ಎಲ್ಲರೂ ಆಗ ಸಂದು ಬದಲಿಸಲು ಹೋಗುತ್ತಾರೆ. ಅದನ್ನು ಮುಟ್ಟಬೇಡಿ. ಪ್ಲಗ್ ಕಿತ್ತು, ಆ ರೋಲರನ್ನು ಕೈಯಲ್ಲಿ ತಿರುಗಿಸಿ ನೋಡಿ. ಬಿಗಿ ಇದ್ದರೆ ಪಕ್ಕದ ತಟ್ಟೆ ಬಿಚ್ಚಿ, ಗೋಡೆಗೆ ಬಣ್ಣ ಹೊಡೆಯುವ ಒಣ ಬ್ರಶ್ಶಿನಿಂದ ಗುಡಿಸಿ, ಬುಷ್ಷಿಗೆ ಒಂದು ಹನಿ ಎಣ್ಣೆ ಬಿಡಿ. ಗಿರಣಿಗೆ ನೀರು ಮಾತ್ರ ಯಾವತ್ತೂ ಹಾಕಬೇಡಿ. ಆಮೇಲೂ ಹಿಡಿಯದಿದ್ದರೆ ಮೋಟಾರಿನ ಫಲಕ, ರೋಲರಿನ ಮೈ, ತಟ್ಟೆಯಲ್ಲಿ ಹರವಿದ ಒಂದು ಹಿಡಿ ನುಚ್ಚು, ಮೂರರ ಫೋಟೋನೂ ಕಳಿಸಿ. ನುಚ್ಚಿನ ಫೋಟೋ ನೋಡಿದರೆ ಅರ್ಧ ಗೊತ್ತಾಗುತ್ತದೆ.